ಭಯಾನಕ ಚಿತ್ರಗಳಲ್ಲಿ ಭಯವಿರುವುದೆಲ್ಲಿ? ಜನಪ್ರಿಯ ಅಭಿಪ್ರಾಯದ ಒಂದು ದೈವಶಾಸ್ತ್ರೀಯ ವಿಮರ್ಶೆ

ಪ್ರಶ್ನೆಯ ಔಚಿತ್ಯ

ಅತ್ಯಂತ ಭಯಂಕರವಾದ ಚಲನಚಿತ್ರ ಯಾವುದು ಎಂಬ ಪ್ರಶ್ನೆಗೆ ನಮ್ಮ ಜನರಲ್ಲಿ ಸಿದ್ಧವಾದ ಉತ್ತರಗಳಿವೆ. ಹಿರಿಯರು 1979ರ ‘ನಾ ನಿನ್ನ ಬಿಡಲಾರೆ’ ಚಿತ್ರವನ್ನು ಹೆಸರಿಸುತ್ತಾರೆ. ಅನಂತನಾಗ್ ಅವರ ಮೈಮೇಲೆ ಪ್ರೇತ ಬರುವ ದೃಶ್ಯಗಳು ಅವರಿಗೆ ಇಂದಿಗೂ ಮರೆತಿಲ್ಲ. ನಡುವಯಸ್ಸಿನವರು 2004ರ ‘ಆಪ್ತಮಿತ್ರ’ದ ನಾಗವಲ್ಲಿಯನ್ನು ನೆನೆಯುತ್ತಾರೆ. ಯುವಜನರು 2013ರ ‘ದಿ ಕಾಂಜ್ಯೂರಿಂಗ್’ ಎನ್ನುತ್ತಾರೆ. ಇಂಗ್ಲಿಷ್ ಚಿತ್ರಗಳ ಪರಿಚಯವಿರುವವರಲ್ಲಿ ಹೆಚ್ಚಿನವರು ವಿಲಿಯಂ ಫ್ರೀಡ್ಕಿನ್ ನಿರ್ದೇಶಿಸಿದ 1973ರ ‘ದಿ ಎಕ್ಸಾರ್ಸಿಸ್ಟ್’ ಚಿತ್ರಕ್ಕೇ ಅಗ್ರಸ್ಥಾನ ಕೊಡುತ್ತಾರೆ. ಈ ನಾಲ್ಕು ಚಿತ್ರಗಳಲ್ಲಿಯೂ ಒಂದು ಸಮಾನ ಸಂಗತಿಯಿದೆ: ಒಬ್ಬರ ದೇಹವನ್ನು ಮತ್ತೊಂದು ಶಕ್ತಿ ವಶಪಡಿಸಿಕೊಂಡಂತೆ ಕಾಣುತ್ತದೆ, ಅದನ್ನು ಬಿಡಿಸಲು ಯಾರಾದರೂ ಬರಬೇಕಾಗುತ್ತದೆ.

ಇಂತಹ ವಿಷಯ ಗುರುಮಠದ ಪತ್ರಿಕೆಗೆ ತಕ್ಕದ್ದೇ ಎಂದು ಓದುಗರು ಕೇಳಬಹುದು. ತಕ್ಕದ್ದೆಂದೇ ನಾವು ಭಾವಿಸುತ್ತೇವೆ. ಚಲನಚಿತ್ರ ಕಲೆಗೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ನಿನ ಸಾಮಾಜಿಕ ಸಂಪರ್ಕ ಮಾಧ್ಯಮಗಳ ಪರಿಷತ್ತು ಗಮನಾರ್ಹವಾದ 45 ಚಿತ್ರಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಅದರ ಕಲಾ ವಿಭಾಗದಲ್ಲಿ ಮುರ್ನೌ ನಿರ್ದೇಶಿಸಿದ 1922ರ ‘ನೊಸ್ಫೆರಾಟು’ ಎಂಬ ರಕ್ತಪಿಶಾಚಿಯ ಚಿತ್ರವೂ ಇದೆ. ಆದುದರಿಂದ ಭಯಾನಕ ಚಿತ್ರವನ್ನು ಧರ್ಮಸಭೆ ಸಾರಾಸಗಟಾಗಿ ತಳ್ಳಿಹಾಕಿದೆ ಎನ್ನಲಾಗದು. ಅದಕ್ಕಿಂತಲೂ ಹತ್ತಿರದ ಕಾರಣವೊಂದಿದೆ. ಆನೇಕಲ್ ತಾಲ್ಲೂಕಿನ ಜಿಗಣಿಯಂತಹ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಬಾಡಿಗೆ ಕೋಣೆಗೆ ಮರಳುವ ಯುವಕ ಯುವತಿಯರು ಮೊಬೈಲಿನಲ್ಲಿ ನೋಡುವ ಚಿತ್ರಗಳಲ್ಲಿ ಇವು ಸೇರಿವೆ. ಶಿಲುಬೆ, ತೀರ್ಥಜಲ, ಗುರುವಿನ ಕಪ್ಪು ನಿಲುವಂಗಿ ಇವುಗಳ ಅರ್ಥವನ್ನು ಎಷ್ಟೋ ಮಂದಿ ಧರ್ಮೋಪದೇಶದಿಂದಲ್ಲ, ಈ ಚಿತ್ರಗಳಿಂದ ಕಲಿಯುತ್ತಿದ್ದಾರೆ. ಮನೆಯಲ್ಲಿ ಯಾರಾದರೂ ನಿದ್ದೆಗೆಟ್ಟು ಒಬ್ಬರೇ ಮಾತಾಡತೊಡಗಿದರೆ ಕುಟುಂಬದವರು ಏನೆಂದು ಹೆದರುತ್ತಾರೆ, ಯಾರ ಬಳಿಗೆ ಓಡುತ್ತಾರೆ ಎಂಬುದನ್ನೂ ಈ ಚಿತ್ರಗಳು ಬಹುಮಟ್ಟಿಗೆ ನಿರ್ಧರಿಸುತ್ತಿವೆ.

ಜನಪ್ರಿಯ ಅಭಿಪ್ರಾಯವನ್ನು ನಾವು ಒಪ್ಪುವುದಿಲ್ಲ. ಆ ಚಿತ್ರಗಳು ಕಳಪೆ ಎಂಬುದು ನಮ್ಮ ವಾದವಲ್ಲ. ಭಯವನ್ನು ಅಳೆಯುವ ಕೋಲು ತಪ್ಪಾಗಿದೆ ಎಂಬುದು ನಮ್ಮ ವಾದ. ಎಷ್ಟು ಬೆಚ್ಚಿದೆವು ಎಂಬುದರ ಮೇಲೆ ಭಯವನ್ನು ಎಣಿಸುವವರಿಗೆ ದೆವ್ವದ ಚಿತ್ರವೇ ಮೊದಲನೆಯದಾಗಿ ಕಾಣುತ್ತದೆ. ಯಾವುದಕ್ಕೆ ಹೆದರಬೇಕು ಎಂದು ಕೇಳುವವರಿಗೆ ಪಟ್ಟಿಯೇ ಬದಲಾಗುತ್ತದೆ.

ಭಯದ ಬಗೆಗಳು

ಭಯವನ್ನು ವಿಂಗಡಿಸುವ ಕಾರ್ಯ ನಮ್ಮ ನೆಲದಲ್ಲಿ ಬಹಳ ಹಿಂದೆಯೇ ನಡೆದಿದೆ. ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯವು ಭಯಾನಕ ರಸದ ಕಾರಣಗಳನ್ನು ಹೇಳುವಾಗ ವಿಕಾರವಾದ ಧ್ವನಿ, ಭೂತದರ್ಶನ, ಗೂಬೆ ನರಿಗಳ ಕೂಗು, ಪಾಳುಮನೆ, ಕಾಡು ಇವುಗಳನ್ನು ಎಣಿಸುತ್ತದೆ. ಇಂದಿನ ಚಿತ್ರಗಳ ಸಾಮಗ್ರಿ ಬಹುಪಾಲು ಇದೇ. ಆದರೆ ಅದೇ ಪಟ್ಟಿಯಲ್ಲಿ ಗುರುವಿಗೂ ರಾಜನಿಗೂ ಎಸಗಿದ ಅಪರಾಧವನ್ನೂ ಭರತ ಸೇರಿಸುತ್ತಾನೆ. ಮುಂದುವರಿದು, ಭಯಾನಕವು ಮೂರು ಬಗೆಯದೆನ್ನುತ್ತಾನೆ: ನಟನೆಯಿಂದ ಹುಟ್ಟುವುದು, ಅಪರಾಧದಿಂದ ಹುಟ್ಟುವುದು, ಬೆದರಿಕೆಯಿಂದ ಹುಟ್ಟುವುದು. ಜುಗುಪ್ಸೆಯನ್ನು ಸ್ಥಾಯಿಯಾಗಿ ಉಳ್ಳ ಬೀಭತ್ಸ ರಸವನ್ನಂತೂ ಆತ ಭಯಾನಕದಿಂದ ಬೇರೆಯಾಗಿಯೇ ಇರಿಸಿದ್ದಾನೆ.

ಈ ವಿಂಗಡಣೆಯ ಬೆಳಕಿನಲ್ಲಿ ನೋಡಿದರೆ ಜನಪ್ರಿಯ ಚಿತ್ರಗಳು ಹೆಚ್ಚಾಗಿ ಕೊಡುವುದು ಮೂರನೆಯ ಬಗೆಯ ಭಯವನ್ನು; ಅದಕ್ಕೆ ಬೀಭತ್ಸದ ಒಂದಿಷ್ಟು ಬೆರಕೆ. ಫಕ್ಕನೆ ತೆರೆದುಕೊಳ್ಳುವ ಬಾಗಿಲು, ಏಕಾಏಕಿ ಏರುವ ಸದ್ದು, ವಾಂತಿ, ರಕ್ತ. ಇಂತಹ ಭಯ ದೀಪ ಹಾಕಿದೊಡನೆ ಮುಗಿಯುತ್ತದೆ. ಅಪರಾಧದಿಂದ ಹುಟ್ಟಿದ ಭಯ ಹಾಗಲ್ಲ. ಅದು ನೋಡುವವನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತದೆ, ಮನೆಯವರೆಗೂ ಹಿಂಬಾಲಿಸುತ್ತದೆ.

ಪಶ್ಚಿಮದ ದೈವಶಾಸ್ತ್ರದಲ್ಲಿ ಸಂತ ತೋಮಾಸ್ ಅಕ್ವಿನಾಸರು ಭಯವನ್ನು ನಾಲ್ಕಾಗಿ ಬೇರ್ಪಡಿಸಿದ್ದಾರೆ: ಲೌಕಿಕ ಭಯ, ದಾಸಭಯ, ಆರಂಭಿಕ ಭಯ, ಪುತ್ರಭಯ. ಲೋಕದ ಹಾನಿಗೆ ಅಂಜಿ ದೇವರನ್ನು ತೊರೆಯುವುದು ಲೌಕಿಕ ಭಯ. ಶಿಕ್ಷೆಗೆ ಅಂಜುವುದು ದಾಸಭಯ. ಪ್ರೀತಿಸುವ ತಂದೆಯನ್ನು ನೋಯಿಸಿ ಆತನಿಂದ ಅಗಲಿಬಿಡುವೆನೇನೋ ಎಂದು ಅಂಜುವುದು ಪುತ್ರಭಯ. ದಾಸಭಯದಿಂದ ಪುತ್ರಭಯದ ಕಡೆಗೆ ಸಾಗುವ ಹಾದಿಯಲ್ಲಿರುವುದು ಆರಂಭಿಕ ಭಯ. ಹೀಗೆ ಭಯವೆಲ್ಲವೂ ಕೆಟ್ಟದ್ದಲ್ಲ. ಪವಿತ್ರಾತ್ಮರ ವರಗಳಲ್ಲಿ ದೈವಭಯವೂ ಒಂದು. ಒಂದು ಚಿತ್ರ ನಮ್ಮಲ್ಲಿ ಇವುಗಳಲ್ಲಿ ಯಾವ ಭಯವನ್ನು ಎಬ್ಬಿಸುತ್ತದೆ ಎಂಬುದೇ ನಿಜವಾದ ಅಳತೆಗೋಲು.

ಗೆರಸೇನರು ಹೆದರಿದ್ದು ಯಾವಾಗ?

ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ದೆವ್ವ ಹಿಡಿದವನೊಬ್ಬನ ವೃತ್ತಾಂತವಿದೆ. ಅವನ ವಾಸ ಸಮಾಧಿಗಳ ನಡುವೆ. ಕೈಕಾಲುಗಳಿಗೆ ಹಾಕಿದ ಸಂಕೋಲೆಗಳನ್ನು ಮುರಿದಿದ್ದಾನೆ. ಹಗಲಿರುಳು ಅರಚುತ್ತಾನೆ, ಕಲ್ಲುಗಳಿಂದ ತನ್ನನ್ನೇ ಗಾಯಗೊಳಿಸಿಕೊಳ್ಳುತ್ತಾನೆ. ಭಯಾನಕ ಚಿತ್ರಕ್ಕೆ ಬೇಕಾದ ಎಲ್ಲವೂ ಇಲ್ಲಿದೆ. ಆದರೆ ಊರಿನವರು ಹೆದರಿದರು ಎಂದು ಮಾರ್ಕನು ಬರೆಯುವುದು ಈ ಹಂತದಲ್ಲಿ ಅಲ್ಲ. ಅದೇ ಮನುಷ್ಯ ಬಟ್ಟೆ ತೊಟ್ಟು, ಸ್ವಸ್ಥಚಿತ್ತನಾಗಿ, ಸುಮ್ಮನೆ ಕುಳಿತಿರುವುದನ್ನು ಕಂಡಾಗ ಅವರು ಹೆದರಿದರು (ಮಾರ್ಕ 5:15). ಹೆದರಿ, ತಮ್ಮ ಪ್ರದೇಶವನ್ನು ಬಿಟ್ಟುಹೋಗುವಂತೆ ಯೇಸುಸ್ವಾಮಿಯನ್ನು ಬೇಡಿಕೊಂಡರು.

ಇದು ಮಾರ್ಕನಲ್ಲಿ ಆಕಸ್ಮಿಕವಲ್ಲ. ಬಿರುಗಾಳಿ ಎದ್ದಾಗಿನ ಶಿಷ್ಯರ ಕಳವಳಕ್ಕಿಂತ ಅದು ಶಾಂತವಾದ ಮೇಲೆ ಅವರನ್ನು ಆವರಿಸಿದ ಭಯವನ್ನೇ ಆತ ದೊಡ್ಡದೆಂದು ವರ್ಣಿಸುತ್ತಾನೆ (4:41). ಸಮಾಧಿ ಬರಿದಾಗಿರುವುದನ್ನು ಕಂಡು, ಪ್ರಭು ಪುನರುತ್ಥಾನರಾಗಿದ್ದಾರೆಂಬ ಸುದ್ದಿ ಕೇಳಿ, ಮಹಿಳೆಯರು ನಡುಗುತ್ತಾ ಓಡಿಹೋಗುತ್ತಾರೆ (16:8). ಮಾರ್ಕನ ಲೋಕದಲ್ಲಿ ದೊಡ್ಡ ಭಯ ಹುಟ್ಟುವುದು ದೆವ್ವ ಬಂದಾಗಲ್ಲ, ಜೀವ ಮರಳಿದಾಗ. ಏಕೆಂದರೆ ಸಮಾಧಿಗಳ ನಡುವೆ ಅರಚುವವನೊಂದಿಗೆ ಊರು ಹೇಗೋ ಹೊಂದಿಕೊಂಡಿತ್ತು. ಸಂಕೋಲೆಯ ಲೆಕ್ಕವೂ ಅದಕ್ಕೆ ಗೊತ್ತಿತ್ತು. ಗುಣಹೊಂದಿ ಮನೆಗೆ ಹೊರಟವನೊಂದಿಗೆ ಹೇಗೆ ಬಾಳಬೇಕೆಂಬುದು ಗೊತ್ತಿರಲಿಲ್ಲ. ಇಷ್ಟು ದಿನ ಅವನನ್ನು ಅಲ್ಲಿ ಬಿಟ್ಟವರು ಯಾರು ಎಂಬ ಪ್ರಶ್ನೆಯನ್ನು ಅವನು ಬಾಯಿ ತೆರೆಯದೆಯೇ ಕೇಳುತ್ತಿದ್ದ. ಅದು ಭರತನು ಹೇಳುವ ಅಪರಾಧಭಯ.

ದೆವ್ವಕ್ಕೆ ಸಲ್ಲದ ಗೌರವ

ಜನಪ್ರಿಯ ಚಿತ್ರಗಳ ಬಗೆಗೆ ನಮಗಿರುವ ಮೊದಲ ಆಕ್ಷೇಪ ತತ್ತ್ವಕ್ಕೆ ಸಂಬಂಧಿಸಿದ್ದು. ಅವು ದೆವ್ವಕ್ಕೆ ಅತಿಯಾದ ಗೌರವ ಕೊಡುತ್ತವೆ. ದೇವರು ಒಂದು ಕಡೆ, ದೆವ್ವ ಮತ್ತೊಂದು ಕಡೆ, ಇಬ್ಬರೂ ಸಮಬಲರು, ಗೆಲುವು ಕೂದಲೆಳೆಯಷ್ಟರದು ಎಂಬ ಚಿತ್ರಣ ಕ್ರೈಸ್ತವಿಶ್ವಾಸವಲ್ಲ; ಅದು ಹಳೆಯ ಮಾನಿಕೇಯ ಮತ. ದೆವ್ವಗಳೂ ದೇವರಿಂದ ಒಳ್ಳೆಯವುಗಳಾಗಿಯೇ ಸೃಷ್ಟಿಯಾದವು, ಕೆಟ್ಟದ್ದಾದುದು ತಮ್ಮಿಂದಲೇ ಎಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಬೋಧಿಸಿತು. ಕೇಡಿಗೆ ಸ್ವಂತ ಸತ್ತ್ವವಿಲ್ಲ, ಒಳಿತಿನ ಕೊರತೆಯೇ ಕೇಡು ಎಂಬುದು ಸಂತ ಅಗಸ್ಟೀನರ ಬೋಧನೆ. ಇದು ಸರಿಯಾದರೆ, ಕೇಡನ್ನು ದಪ್ಪವಾಗಿ ಬಣ್ಣ ಹಚ್ಚಿ ಗರ್ಜಿಸುವಂತೆ ತೋರಿಸುವ ಚಿತ್ರ ಅದನ್ನು ತಪ್ಪಾಗಿ ತೋರಿಸುತ್ತದೆ. ಇರಬೇಕಾದ ಕರುಣೆ ಇಲ್ಲದಿರುವುದನ್ನು, ಏಳಬೇಕಾದ ಧ್ವನಿ ಏಳದಿರುವುದನ್ನು ಕಾಣಿಸುವ ಚಿತ್ರವೇ ಸತ್ಯಕ್ಕೆ ಹತ್ತಿರ.

‘ದಿ ಕಾಂಜ್ಯೂರಿಂಗ್’ ಚಿತ್ರದ ಕೊನೆಯಲ್ಲಿ ಧರ್ಮಸಭೆಯ ಅನುಮತಿಗೆ ಕಾಯದೆ ಗೃಹಸ್ಥನೊಬ್ಬನು ತಾನೇ ಭೂತೋಚ್ಚಾಟನೆಯ ವಿಧಿಯನ್ನು ನಡೆಸುತ್ತಾನೆ. ಪ್ರೇಕ್ಷಕರಿಗೆ ಅದು ಧೈರ್ಯವಾಗಿ ಕಾಣುತ್ತದೆ. ಧರ್ಮಸಭೆಯ ಕಾನೂನು ಸಂಹಿತೆಯ 1172ನೆಯ ವಿಧಿಯ ಪ್ರಕಾರ ಧರ್ಮಾಧ್ಯಕ್ಷರ ವಿಶೇಷ ಹಾಗೂ ಸ್ಪಷ್ಟ ಅನುಮತಿಯಿಲ್ಲದೆ ಯಾರೂ ಇದನ್ನು ನಡೆಸುವಂತಿಲ್ಲ. ಆ ಅನುಮತಿಯೂ ಭಕ್ತಿ, ಜ್ಞಾನ, ವಿವೇಕ, ಸಚ್ಚಾರಿತ್ರ್ಯವುಳ್ಳ ಗುರುವಿಗೆ ಮಾತ್ರ. 1998ರ ಪರಿಷ್ಕೃತ ವಿಧಿಗ್ರಂಥವು ಭೂತೋಚ್ಚಾಟನೆ ಯಾರಿಗೂ ಪ್ರದರ್ಶನವಾಗಿ ತೋರಬಾರದೆಂದೂ, ಅದು ನಡೆಯುವಾಗ ಮಾಧ್ಯಮಗಳಿಗೆ ಪ್ರವೇಶವಿಲ್ಲವೆಂದೂ ಹೇಳುತ್ತದೆ. ಧರ್ಮಸಭೆ ಮರೆಯಲ್ಲಿಟ್ಟುದನ್ನೇ ಚಲನಚಿತ್ರ ಬೆಳಕಿಗೆ ಹಿಡಿಯುತ್ತದೆ. ಅದು ಕಲೆಯ ಸ್ವಭಾವವಿರಬಹುದು. ಆದರೆ ನೋಡಿದವರು ಅದನ್ನೇ ಧರ್ಮಸಭೆಯ ನಡೆಯೆಂದು ತಿಳಿದರೆ ಹಾನಿ ತಪ್ಪದು.

ಜನಪ್ರಿಯ ಪಟ್ಟಿಯ ಒಳ್ಳೆಯ ಚಿತ್ರಗಳನ್ನು ಕೂಡ ಜನರು ತಪ್ಪು ಕಾರಣಕ್ಕೆ ಭಯಂಕರವೆನ್ನುತ್ತಾರೆ. ‘ದಿ ಎಕ್ಸಾರ್ಸಿಸ್ಟ್’ ಎಂದೊಡನೆ ನೆನಪಾಗುವುದು ಬಾಲಕಿಯ ತಲೆ ಹಿಂದಕ್ಕೆ ತಿರುಗುವ ದೃಶ್ಯ. ಆದರೆ ಆ ಚಿತ್ರದ ನಡುಕ ಇರುವುದು ಫಾದರ್ ಕರಾಸ್ ಅವರಲ್ಲಿ. ಅವರು ಯೇಸುಸಭೆಯ ಗುರು, ಮನೋವೈದ್ಯ; ವಿಶ್ವಾಸ ಸಡಿಲಗೊಂಡಿದೆ. ಅವರ ತಾಯಿ ಬಡತನದಲ್ಲಿ, ಒಬ್ಬಂಟಿಯಾಗಿ ತೀರಿಕೊಂಡಿದ್ದಾರೆ. ದೆವ್ವ ಅವರನ್ನು ಇರಿಯುವುದು ಆ ಗಾಯದಲ್ಲಿಯೇ. ಕೊನೆಗೆ ಮಗುವನ್ನು ಉಳಿಸಲು ಅವರು ತಮ್ಮನ್ನೇ ಒಪ್ಪಿಸಿಕೊಳ್ಳುತ್ತಾರೆ. ‘ಆಪ್ತಮಿತ್ರ’ದಲ್ಲಿಯೂ ಹಾಗೆಯೇ. ಜನ ನಾಗವಲ್ಲಿಗೆ ಹೆದರುತ್ತಾರೆ. ಆಕೆಯ ಬದುಕನ್ನು ಕಸಿದ ರಾಜನಿಗೆ ಹೆದರುವುದಿಲ್ಲ. ಈ ಚಿತ್ರದ ಮೂಲವಾದ 1993ರ ಮಲಯಾಳ ಚಿತ್ರ ‘ಮಣಿಚಿತ್ರತ್ತಾಳ್’ನಂತೆ ಇಲ್ಲಿಯೂ ರೋಗಿಯನ್ನು ಗುಣಪಡಿಸುವ ಹೊಣೆ ಮನೋವೈದ್ಯನದು, ಮಂತ್ರವಾದಿ ಅವನನ್ನು ಎದುರಿಸುವುದಿಲ್ಲ, ಅವನೊಂದಿಗೆ ಕೈಜೋಡಿಸುತ್ತಾನೆ. ಈ ಒಂದು ಅಂಶದಲ್ಲಿ ನಮ್ಮ ಕನ್ನಡ ಚಿತ್ರ ಹಾಲಿವುಡ್ಡಿನ ಎಷ್ಟೋ ಚಿತ್ರಗಳಿಗಿಂತ ಧರ್ಮಸಭೆಯ ವಿವೇಕಕ್ಕೆ ಹತ್ತಿರವಾಗಿದೆ.

ಒಂದೇ ಘಟನೆ, ಎರಡು ಚಿತ್ರಗಳು

ನಮ್ಮ ವಾದಕ್ಕೆ ಗಟ್ಟಿಯಾದ ಸಾಕ್ಷ್ಯವನ್ನು ಜರ್ಮನಿಯ ಒಂದು ಘಟನೆ ಒದಗಿಸುತ್ತದೆ. ಅನೆಲೀಸ್ ಮಿಶೆಲ್ ಎಂಬ ಕಥೋಲಿಕ ವಿದ್ಯಾರ್ಥಿನಿ ಅಪಸ್ಮಾರ ರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದಳು. ತನಗೆ ದೆವ್ವ ಹಿಡಿದಿದೆಯೆಂದು ಆಕೆಯೂ ಮನೆಯವರೂ ನಂಬಿದರು. ಧರ್ಮಾಧ್ಯಕ್ಷರ ಅನುಮತಿಯೊಂದಿಗೆ 1975 ಮತ್ತು 1976ರಲ್ಲಿ ಇಬ್ಬರು ಗುರುಗಳು 67 ಬಾರಿ ಭೂತೋಚ್ಚಾಟನೆ ನಡೆಸಿದರು. 1976ರ ಜುಲೈ 1ರಂದು, 23ನೆಯ ವಯಸ್ಸಿನಲ್ಲಿ, ಅನ್ನನೀರಿಲ್ಲದೆ ಸೊರಗಿ ಆಕೆ ತೀರಿಕೊಂಡಳು. 1978ರಲ್ಲಿ ನ್ಯಾಯಾಲಯವು ತಂದೆತಾಯಿ ಮತ್ತು ಇಬ್ಬರು ಗುರುಗಳನ್ನು ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದರೆಂದು ತೀರ್ಮಾನಿಸಿತು.

ಇದರಿಂದ ಪ್ರೇರಿತವಾದ ಎರಡು ಚಿತ್ರಗಳಿವೆ. 2005ರ ‘ದಿ ಎಕ್ಸಾರ್ಸಿಸಂ ಆಫ್ ಎಮಿಲಿ ರೋಸ್’ ಜನಪ್ರಿಯವಾಯಿತು. ಅದರಲ್ಲಿ ನಸುಕಿನ ಮೂರು ಗಂಟೆಯ ಗಡಿಯಾರವಿದೆ, ತಿರುಚಿಕೊಳ್ಳುವ ದೇಹವಿದೆ. 2006ರ ಜರ್ಮನ್ ಚಿತ್ರ ‘ರೆಕ್ವಿಯೆಮ್’ನಲ್ಲಿ ಇದಾವುದೂ ಇಲ್ಲ. ಹಾನ್ಸ್ ಕ್ರಿಸ್ಟಿಯಾನ್ ಶ್ಮಿಡ್ ನಿರ್ದೇಶಿಸಿದ ಆ ಚಿತ್ರದಲ್ಲಿ ಕಾಲೇಜಿಗೆ ಸೇರಿದ ಸಂಭ್ರಮದ ಹುಡುಗಿ, ಆಕೆಯನ್ನು ನಿಜವಾಗಿಯೂ ಪ್ರೀತಿಸುವ ತಂದೆ, ಗೆಳತಿ, ಪ್ರಾಮಾಣಿಕ ಗುರುಗಳು ಇದ್ದಾರೆ. ಎಲ್ಲರೂ ಆಕೆಯ ಒಳಿತನ್ನೇ ಬಯಸುತ್ತಾರೆ, ಎಲ್ಲರೂ ಸೇರಿ ಆಕೆಯನ್ನು ಮರಣದ ಕಡೆಗೆ ಒಯ್ಯುತ್ತಾರೆ. ಮೊದಲ ಚಿತ್ರ ನೋಡಿದ ಗುರುವಿಗೆ ದೆವ್ವದ ಭಯವಾಗಬಹುದು. ಎರಡನೆಯದನ್ನು ನೋಡಿದ ಗುರುವಿಗೆ ತನ್ನ ಕೈಗಳ ಭಯವಾಗುತ್ತದೆ. ಯಾವುದು ಹೆಚ್ಚು ಭಯಂಕರ ಎಂಬುದರಲ್ಲಿ ನಮಗೆ ಸಂದೇಹವಿಲ್ಲ.

ಬದುಕಿರುವಾಗಲೇ ಶ್ರಾದ್ಧ

ಕನ್ನಡದಲ್ಲಿ ಅತ್ಯಂತ ಭಯಂಕರವಾದ ಚಿತ್ರ ಯಾವುದೆಂದು ನಮ್ಮನ್ನು ಕೇಳಿದರೆ, ಯಾವ ಭಯಾನಕ ಪಟ್ಟಿಯಲ್ಲಿಯೂ ಕಾಣಿಸದ ಹೆಸರೊಂದನ್ನು ಹೇಳುತ್ತೇವೆ: ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ, ಸ್ವರ್ಣಕಮಲ ಪಡೆದ ‘ಘಟಶ್ರಾದ್ಧ’. ಅದರಲ್ಲಿ ರಾತ್ರಿಯಿದೆ, ಕಾಡಿದೆ, ಹಾವಿನ ಹುತ್ತವಿದೆ, ದೆವ್ವವಿಲ್ಲ. ಯಮುನೆ ಎಂಬ ಎಳೆಯ ವಿಧವೆ ಗರ್ಭಿಣಿಯಾಗುತ್ತಾಳೆ. ಅದಕ್ಕೆ ಕಾರಣನಾದವನು ಜಾರಿಕೊಳ್ಳುತ್ತಾನೆ. ಊರು ಕೂಡಿ ತೀರ್ಪು ಕೊಡುತ್ತದೆ. ಹೆತ್ತ ತಂದೆಯೇ ಬದುಕಿರುವ ಮಗಳಿಗೆ ಗಡಿಗೆ ಒಡೆದು ಶ್ರಾದ್ಧ ಮಾಡುತ್ತಾನೆ. ತಲೆ ಬೋಳಿಸಿ ಹೊರದೂಡಿದ ಆಕೆ ಮರದ ಕೆಳಗೆ ಒಬ್ಬಂಟಿಯಾಗಿ ಉಳಿಯುತ್ತಾಳೆ. ಇದನ್ನೆಲ್ಲ ನೋಡುತ್ತಿರುವವನು ನಾಣಿ ಎಂಬ ಪುಟ್ಟ ಹುಡುಗ. ಆಕೆಯನ್ನು ಮನುಷ್ಯಳೆಂದು ಕಂಡವನು ಅವನೊಬ್ಬನೇ.

ದೆವ್ವದ ಚಿತ್ರದಲ್ಲಿ ಸತ್ತವರು ಬದುಕಿರುವವರಂತೆ ಎದ್ದುಬರುತ್ತಾರೆ. ಇಲ್ಲಿ ಬದುಕಿರುವವಳನ್ನು ಸತ್ತವಳೆಂದು ಸಾರಲಾಗುತ್ತದೆ. ಆಕೆಯ ಸ್ಥಾನ ಗೆರಸೇನದವನ ಸ್ಥಾನವೇ: ಊರಿನ ಹೊರಗೆ, ಸಮಾಧಿಯ ಪಾಲಿಗೆ. ಕೊರತೆಯೇ ಕೇಡು ಎಂಬ ಅಗಸ್ಟೀನರ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ದೃಶ್ಯರೂಪ ಕನ್ನಡದಲ್ಲಿ ನಮಗೆ ತಿಳಿದಿಲ್ಲ. ಇಲ್ಲಿ ಯಾರೂ ಗರ್ಜಿಸುವುದಿಲ್ಲ. ಒಂದು ಬೇಡವೆಂಬ ಮಾತು ಬರಬೇಕಾದ ಕಡೆ ಬರುವುದಿಲ್ಲ, ಅಷ್ಟೇ.

ಮತ್ತೊಂದು ಸಮುದಾಯದ ಆಚಾರವನ್ನು ಹಳಿಯಲು ನಾವು ಇದನ್ನು ಉದಾಹರಿಸುತ್ತಿಲ್ಲ. ಕನ್ನಡದ ಲೇಖಕರೂ ನಿರ್ದೇಶಕರೂ ತಮ್ಮ ಪರಂಪರೆಯನ್ನು ಒಳಗಿನಿಂದ ಪ್ರಶ್ನಿಸಿದ ಧೈರ್ಯ ನಮಗೂ ಮೇಲ್ಪಂಕ್ತಿಯಾಗಬೇಕು. ನಮ್ಮ ಮನೆಯ ಕಥೆ ಡ್ರೆಯರ್ ನಿರ್ದೇಶಿಸಿದ 1928ರ ‘ಜೋನ್ ಆಫ್ ಆರ್ಕಳ ಯಾತನೆ’ಯಲ್ಲಿದೆ. ಧರ್ಮಸಭೆಯ ನ್ಯಾಯಪೀಠವು ಹತ್ತೊಂಬತ್ತರ ಆಸುಪಾಸಿನ ಹುಡುಗಿಯೊಬ್ಬಳಿಗೆ ಕೇಳುತ್ತಿದ್ದ ದನಿಗಳು ಸೈತಾನನವೆಂದು ತೀರ್ಮಾನಿಸಿತು. 1431ರ ಮೇ 30ರಂದು ಆಕೆಯನ್ನು ಸುಡಲಾಯಿತು. 1456ರಲ್ಲಿ ಆ ತೀರ್ಪು ರದ್ದಾಯಿತು. 1920ರಲ್ಲಿ ಆಕೆಯನ್ನು ಸಂತಳೆಂದು ಘೋಷಿಸಲಾಯಿತು. ಚಿತ್ರದ ಬಹುಭಾಗ ಬರಿಯ ಮುಖಗಳು: ವಿಚಾರಣೆ ನಡೆಸುವ ಗುರುಗಳ ಮುಖ, ಆಕೆಯ ಮುಖ. ಇದೂ 1995ರ ವ್ಯಾಟಿಕನ್ ಪಟ್ಟಿಯಲ್ಲಿದೆ, ಅದರ ಧರ್ಮವಿಭಾಗದಲ್ಲಿ. ತನ್ನ ಅಪರಾಧವನ್ನು ತೋರಿಸುವ ಚಿತ್ರವನ್ನು ಧರ್ಮಸಭೆ ನೋಡಬೇಕಾದ ಚಿತ್ರವೆಂದು ಗುರುತಿಸಿದ್ದು ಗುರು ಅಭ್ಯರ್ಥಿಗಳಿಗೆ ಒಳ್ಳೆಯ ಪಾಠ.

ಎರಡು ಆಕ್ಷೇಪಗಳು

ಇವು ಭಯಾನಕ ಚಿತ್ರಗಳೇ ಅಲ್ಲ, ಕರುಣ ರಸದ ಚಿತ್ರಗಳು ಎಂದು ಕೆಲವರು ಹೇಳಬಹುದು. ಯಮುನೆಯನ್ನು ನೋಡಿ ಅತ್ತು ಸುಮ್ಮನಾಗುವವರಿಗೆ ಅದು ಕರುಣ ರಸವೇ. ಆದರೆ ರಂಗಭೂಮಿಯಲ್ಲಿ ಪರರ ನೋವಿಗೆ ಅತ್ತು ಆನಂದಿಸುವ ಪ್ರೇಕ್ಷಕರ ಬಗೆಗೆ ಅಗಸ್ಟೀನರು ತಮ್ಮ ‘ನಿವೇದನೆಗಳು’ ಗ್ರಂಥದ ಮೂರನೆಯ ಭಾಗದಲ್ಲಿಯೇ ಸಂಶಯಪಟ್ಟಿದ್ದಾರೆ: ಅಲ್ಲಿ ನೆರವಾಗುವ ಕರೆಯಿಲ್ಲ, ದುಃಖಿಸುವ ಕರೆ ಮಾತ್ರ. ಆ ಊರಿನ ಕೂಟದಲ್ಲಿ ನಾನಿದ್ದರೆ ಬಾಯಿ ತೆರೆಯುತ್ತಿದ್ದೆನೇ ಎಂದು ತನ್ನನ್ನು ಕೇಳಿಕೊಂಡವನಿಗೆ ಕಣ್ಣೀರು ಆರಿ, ಭಯ ಉಳಿಯುತ್ತದೆ.

ಎರಡನೆಯ ಆಕ್ಷೇಪ ಗಂಭೀರವಾದುದು: ಹೀಗೆ ವಾದಿಸುವವರು ಸೈತಾನನ ಅಸ್ತಿತ್ವವನ್ನೇ ಅಲ್ಲಗಳೆಯುವುದಿಲ್ಲವೇ? ಇಲ್ಲ. ಜಗದ್ಗುರು ಆರನೆಯ ಪೌಲರು 1972ರ ನವೆಂಬರ್ 15ರ ಬೋಧನೆಯಲ್ಲಿ ದುಷ್ಟಶಕ್ತಿಯ ವಾಸ್ತವತೆಯನ್ನು ಸ್ಪಷ್ಟವಾಗಿ ಎತ್ತಿಹಿಡಿದರು. ಅದು ನಮ್ಮ ವಿಶ್ವಾಸ. ಆದರೆ ಪವಿತ್ರಗ್ರಂಥದಲ್ಲಿ ಸೈತಾನನ ಹೆಸರಿನ ಅರ್ಥ ಎದುರಾಳಿ, ದೂರು ಹೇಳುವವನು. ದುರ್ಬಲರ ಮೇಲೆ ದೂರು ಹೊರಿಸಿ ಊರಿನಾಚೆ ಅಟ್ಟುವ ಕಡೆ ಅವನ ಕೆಲಸ ಗದ್ದಲವಿಲ್ಲದೆ ನಡೆಯುತ್ತದೆ. ತಿರುಗುವ ತಲೆಯನ್ನು ನೋಡುತ್ತಾ ಕುಳಿತವರಿಗೆ ಅದು ಕಾಣುವುದಿಲ್ಲ.

ಪಾಲನಾ ಸೇವೆಯಲ್ಲಿ

ಇದರಿಂದ ನಮ್ಮ ಸೇವೆಗೆ ಬರುವ ಫಲವೇನು? ಮೊದಲನೆಯದಾಗಿ, ದೆವ್ವ ಹಿಡಿದಿದೆಯೆಂದು ಕರೆತಂದವರನ್ನು ಗುರುವು ಬೈದು ಕಳುಹಿಸಬಾರದು, ಸಿನಿಮಾದ ಗುರುವಿನಂತೆ ವರ್ತಿಸಲೂಬಾರದು. ಸುಲಭವಾಗಿ ನಂಬಬೇಡಿ ಎಂಬ ಎಚ್ಚರಿಕೆ 1614ರ ರೋಮನ್ ವಿಧಿಗ್ರಂಥದಲ್ಲಿಯೇ ಇದೆ. ಮನೋರೋಗದ ಆರೈಕೆ ವೈದ್ಯವಿಜ್ಞಾನದ ಹೊಣೆಯೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 1673ನೆಯ ಕಂಡಿಕೆ ತಿಳಿಸುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಜಿಗಣಿಗೆ ದೂರವೇನೂ ಅಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಲು ಹಣ ಬೇಕಿಲ್ಲ. ರೋಗಿಯೊಂದಿಗೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು, ಮರಳಿ ಬಂದ ಮೇಲೆ ಪ್ರಾರ್ಥಿಸುವುದು, ಅಗತ್ಯವಿದ್ದಾಗ ರೋಗಿಗಳ ಅಭ್ಯಂಗ ಸಂಸ್ಕಾರ ನೀಡುವುದು, ಇವೆಲ್ಲವೂ ಗುರುಸೇವೆಯೇ.

ಎರಡನೆಯದಾಗಿ, ಗುಣಹೊಂದಿದವರು ಮರಳಿ ಬಂದಾಗ ಧರ್ಮಕೇಂದ್ರ ಗೆರಸೇನವಾಗದಂತೆ ನೋಡಿಕೊಳ್ಳಬೇಕು. ಚಿಕಿತ್ಸೆ ಪಡೆದ ಯುವತಿಗೆ ಗಾಯನವೃಂದದಲ್ಲಿ ಹಳೆಯ ಸ್ಥಾನ ದೊರೆಯುವುದೇ? ಆಕೆಯ ಮದುವೆಯ ಮಾತು ಬಂದಾಗ ನಾವು ಏನು ಹೇಳುತ್ತೇವೆ? ನಮ್ಮ ಭಯದ ಪರೀಕ್ಷೆ ಅಲ್ಲಿದೆ.

ಮೂರನೆಯದು ನಮ್ಮೂರಿನ ಒಂದು ನೆನಪಿಗೆ ಸಂಬಂಧಿಸಿದೆ. 1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯಲಾಗುತ್ತಿತ್ತು. ಬಂಧುಗಳ ದನಿಯಲ್ಲಿ ಕರೆದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುವುದೆಂಬ ನಂಬಿಕೆ. ಆ ಬರಹ ಇಂದು ಬಾಗಿಲುಗಳಿಂದ ಬಹುಮಟ್ಟಿಗೆ ಅಳಿಸಿದೆ. ಆದರೆ ಗ್ರಾನೈಟ್ ಕೊಯ್ಯುವ ಘಟಕದಲ್ಲಿ ಬೆರಳು ಕಳೆದುಕೊಂಡ ಗುತ್ತಿಗೆ ಕಾರ್ಮಿಕ ಪರಿಹಾರ ಕೇಳಲು ಹೋದಾಗ, ದೂರದ ರಾಜ್ಯದಿಂದ ಬಂದವನು ಬಾಕಿ ಸಂಬಳಕ್ಕೆ ನಿಂತಾಗ, ಅದೇ ಎರಡು ಪದಗಳನ್ನು ಬದುಕಿರುವ ಮನುಷ್ಯರಿಗೆ ಹೇಳಲಾಗುತ್ತದೆ. ಕೊಡಲು ಕೈಯಲ್ಲಿರುವಾಗ ನೆರೆಯವನನ್ನು ನಾಳೆಗೆ ಮುಂದೂಡಬಾರದೆಂದು ಜ್ಞಾನೋಕ್ತಿಗಳು ವಿಧಿಸುತ್ತವೆ (3:27-28). ಬಾಗಿಲ ಬಳಿ ನಿಂತು ತಟ್ಟುತ್ತಿರುವವರು ಪ್ರಭುವೇ ಎಂದು ಪ್ರಕಟನೆ ಗ್ರಂಥ ಹೇಳುತ್ತದೆ (3:20). ದೆವ್ವಕ್ಕೆಂದು ಬರೆದ ಮಾತನ್ನು ಆತನಿಗೆ ಓದಿ ಹೇಳಿದೆವೇ ಎಂಬುದು ನಾವು ನಿಜವಾಗಿ ಅಂಜಬೇಕಾದ ಸಂಗತಿ.

ಯುವಜನರು ಭಯಾನಕ ಚಿತ್ರಗಳನ್ನು ನೋಡಲಿ. ನಾವು ಅದನ್ನು ನಿಷೇಧಿಸುವುದಿಲ್ಲ, ನಿಷೇಧದಿಂದ ಏನೂ ಆಗುವುದಿಲ್ಲ. ಆದರೆ ನೋಡಿದ ಮೇಲೆ ಅವರೊಂದಿಗೆ ಕುಳಿತು ಒಂದು ಪ್ರಶ್ನೆಯನ್ನಾದರೂ ಕೇಳುವುದು ಗುರುವಿನ ಕರ್ತವ್ಯ: ಈ ಚಿತ್ರದಲ್ಲಿ ಊರಿನವರು ಯಾರನ್ನು ಹೊರಗಟ್ಟಿದರು, ಅವರನ್ನು ಮನೆಗೆ ಕರೆತಂದವರು ಯಾರು?